ನಾಲ್ಕು ಲಕ್ಷ ಕಿಲೋಮೀಟರ್ ದಾಟಿದ ಮೇಲೆ

ಮಾರ್ಚ್ 3, ಸೋಮವಾರ

ಇವತ್ತು ಗಾಡಿ ನಾಲ್ಕು ಲಕ್ಷ ಕಿಲೋಮೀಟರ್ ದಾಟಿತು. ಸೇತುವೆ ಇಳಿಯುವಾಗ ಮೀಟರಿನಲ್ಲಿ ಸೊನ್ನೆಗಳು ಸಾಲಾಗಿ ನಿಂತವು. ಪಕ್ಕಕ್ಕೆ ಹಾಕಿ ಸ್ವಲ್ಪ ಹೊತ್ತು ನೋಡಿದೆ. ಹಿಂದಿನಿಂದ ಬಂದ ಒಬ್ಬ ಹಾರ್ನ್ ಬಾರಿಸಿ ಬೈದುಕೊಂಡು ಹೋದ. ಅವನಿಗೇನು ಗೊತ್ತು. ನಾನು ಕೊಳ್ಳುವಾಗಲೇ ಒಂದೂವರೆ ಲಕ್ಷ ಓಡಿದ್ದ, ಪೆಟ್ರೋಲು ಬ್ಯಾಟರಿ ಎರಡರಲ್ಲೂ ಓಡುವ ಗಾಡಿ ಇದು. "ಹೈಬ್ರಿಡ್ಡಾ? ಪೆಟ್ರೋಲಲ್ಲಿ ಉಳಿಸಿದ್ದನ್ನೆಲ್ಲ ಒಂದು ದಿನ ಆ ಬ್ಯಾಟರಿ ನುಂಗಿಹಾಕುತ್ತೆ, ನೋಡ್ತಿರು" ಅಂದವರೇ ಎಲ್ಲರೂ. ಎಂಟು ವರ್ಷ ಆಯ್ತು, ನುಂಗಿಲ್ಲ. ಟೈರು, ಆಯಿಲ್ಲು, ಬ್ರೇಕ್ ಪ್ಯಾಡು, ಇಷ್ಟು ಬಿಟ್ಟು ಬೇರೇನೂ ಕೇಳಿಲ್ಲ. ಬೆಳಗ್ಗೆ ಒಂದು ಸುತ್ತು, ಮಧ್ಯಾಹ್ನ ಒಂದು ಸುತ್ತು, ಸಣ್ಣಪುಟ್ಟ ಕ್ಲಿನಿಕ್ಕುಗಳಿಂದ ರಕ್ತದ ಟ್ಯೂಬುಗಳನ್ನು ತಣ್ಣನೆ ಡಬ್ಬಿಯಲ್ಲಿ ತುಂಬಿ ದೊಡ್ಡ ಲ್ಯಾಬಿಗೆ ತಲುಪಿಸೋದು ನನ್ನ ಕೆಲಸ. ಕಂಡವರ ರಕ್ತ ಹೊತ್ತು ಹೊತ್ತು ಇದಕ್ಕೂ ನನಗೂ ಹೊಟ್ಟೆ ತುಂಬಿದೆ.

ಮನೆಗೆ ಬಂದು ಹೇಳೋಣ ಅಂದರೆ ಹೇಳೋಕೆ ಯಾರಿದ್ದಾರೆ. ಅವನಿದ್ದಾನೆ, ಒಳಕೋಣೆಯಲ್ಲಿ, ಆಕ್ಸಿಜನ್ ಮಷಿನ್ ಪಕ್ಕ. ಹುಟ್ಟಿನ ಲೆಕ್ಕದಲ್ಲಿ ನನಗೆ ಅಣ್ಣ. ಇಪ್ಪತ್ತು ವರ್ಷ ಅಡುಗೆಮನೆ ಕಟ್ಟೆಗಳಿಗೆ ಹಾಕುವ ಕಲ್ಲು ಕೊಯ್ದು ಪಾಲಿಶ್ ಮಾಡಿದ. ಆ ಪುಡಿಯೆಲ್ಲ ಎದೆಯೊಳಗೆ ಹೋಗಿ ಕೂತಿದೆ. ಕಳೆದ ವರ್ಷ ಒಂದು ಬ್ಯಾಗ್ ಹಿಡಿದು ನನ್ನ ಬಾಗಿಲಿಗೆ ಬಂದು ನಿಂತ. ಹಿಂದೊಮ್ಮೆ ಗಂಡನ ಮನೆ ಬಿಟ್ಟು ನಾನೂ ಹಾಗೇ ಒಂದು ಬ್ಯಾಗ್ ಹಿಡಿದು ಅವನ ಬಾಗಿಲಿಗೆ ಹೋಗಿದ್ದೆ. "ಬಂದ ದಾರೀಲೇ ಹೋಗು" ಅಂದಿದ್ದ. ನಾನು ಹಾಗೆ ಅನ್ನಲಿಲ್ಲ, ಅಷ್ಟೇ. ಮಾತಂತೂ ಇಲ್ಲ. "ಊಟ", "ಮಾತ್ರೆ", "ಬಾಗಿಲು ಹಾಕ್ಕೋ", ಇಷ್ಟರಲ್ಲಿ ನಮ್ಮ ದಿನ ಮುಗಿಯುತ್ತೆ.

ಕರೆಂಟ್ ಹೋದರೆ ಮಷಿನ್ ನಿಲ್ಲುತ್ತೆ. ಆಗ ಗಾಡಿಯನ್ನು ಅಡುಗೆಮನೆ ಕಿಟಕಿ ಪಕ್ಕ ನಿಲ್ಲಿಸಿ, ಪುಟ್ಟ ಇನ್ವರ್ಟರಿನಿಂದ ವೈರ್ ಎಳೆದು ಕೊಡ್ತೀನಿ. ಬೇರೆ ಗಾಡಿಯಾದರೆ ಎಂಜಿನ್ ಸುಮ್ಮನೆ ಗುರ್ ಅನ್ನುತ್ತಾ ಪೆಟ್ರೋಲ್ ಕುಡೀತಿತ್ತು. ಇದು ಹಾಗಲ್ಲ. ದೊಡ್ಡ ಬ್ಯಾಟರಿ ಇಳಿದಾಗ ತಾನೇ ಎದ್ದು, ಒಂದಿಷ್ಟು ಹೊತ್ತು ಓಡಿ, ತುಂಬಿಸಿ, ತಾನೇ ಮಲಗುತ್ತೆ. ಮನುಷ್ಯರಿಗಿಂತ ವಾಸಿ.

ಊರಾಚೆ ಆರೈಕೆ ಕೇಂದ್ರದಲ್ಲಿ ಅವನ ಹೆಸರು ಬರೆಸಿದ್ದೀನಿ. ಜನರೇಟರ್ ಇದೆ, ನರ್ಸ್ ಇದ್ದಾರೆ. ಹಾಸಿಗೆ ಖಾಲಿಯಾದರೆ ಫೋನ್ ಮಾಡ್ತಾರಂತೆ. ಅಲ್ಲಿವರೆಗೆ ಸಹಿಸಿಕೊಳ್ಳಬೇಕು.

ಮಾರ್ಚ್ 8, ಶನಿವಾರ

ಇನ್ನು ಬೇಸಿಗೆ ಮುಗಿಯುವವರೆಗೆ ದಿನಾ ಮಧ್ಯಾಹ್ನ ಹನ್ನೆರಡರಿಂದ ನಾಲ್ಕು ಕರೆಂಟ್ ಇರಲ್ಲ ಅಂತ ವಿದ್ಯುತ್ ಕಚೇರಿಯವರು ಹೇಳಿದ್ದಾರೆ. ನನ್ನ ಮಧ್ಯಾಹ್ನದ ಸುತ್ತೂ ಅದೇ ಹೊತ್ತಿಗೆ. ಗಾಡಿ ರಸ್ತೆಯಲ್ಲಿದ್ದರೆ ಅವನಿಗೆ ಉಸಿರಿಲ್ಲ, ಗಾಡಿ ಮನೇಲಿದ್ದರೆ ನನಗೆ ಕೂಳಿಲ್ಲ.

ಸಿಲಿಂಡರ್ ಅಂಗಡಿಗೆ ಹೋಗಿ ಕೇಳಿದೆ. ವಾರಕ್ಕೆ ಒಂದು ಚಿಕ್ಕದು ತುಂಬಿಸಿ ಕೊಡ್ತಾರಂತೆ, ಆಪತ್ತಿಗೆ ಇಟ್ಟುಕೊಳ್ಳೋಕೆ. ದಿನಾ ಬೇಕು ಅಂದರೆ ನಕ್ಕರು. ಇಡೀ ದಿನ ಅದನ್ನೇ ಯೋಚಿಸಿದೆ, ತಲೆ ಕೆಟ್ಟುಹೋಯ್ತು. ಕೊನೆಗೆ ಅವನೇ ಒಳಗಿನಿಂದ ಅಂದ, "ಮಷಿನ್ನು ಕಾರಲ್ಲಿ ಕೂರುತ್ತಲ್ಲ. ಅದರ ಜೊತೆ ನಾನೂ ಕೂರ್ತೀನಿ."

ಬೇರೆ ದಾರಿ ಇಲ್ಲ. ಆದರೆ ಗಾಡಿಯಲ್ಲಿ ಬೇರೆ ಯಾರನ್ನೂ ಕೂರಿಸಬಾರದು ಅಂತ ಲ್ಯಾಬಿನವರ ಕರಾರಿನಲ್ಲಿ ಸ್ಪಷ್ಟವಾಗಿದೆ.

ಮಾರ್ಚ್ 10, ಸೋಮವಾರ

ಮಷಿನ್ನನ್ನು ಹಿಂದಿನ ಸೀಟಿಗೆ ಬೆಲ್ಟ್ ಹಾಕಿ ಕಟ್ಟಿದೆ. ಅಲುಗಾಡದಿರಲಿ ಅಂತ ಸುತ್ತ ಕಂಬಳಿ ತುರುಕಿದೆ. ಅವನು ಮುಂದೆ ಕೂತ, ಮೂಗಿಗೆ ನಳಿಕೆ, ಸೀಟುಗಳ ನಡುವೆ ಪೈಪು. ಡಿಕ್ಕಿಯಲ್ಲಿ ರಕ್ತದ ಡಬ್ಬಿ. ಕ್ಲಿನಿಕ್ಕಿಗೆ ಸ್ವಲ್ಪ ದೂರದಲ್ಲಿ ಮರದ ನೆರಳು ಹುಡುಕಿ ನಿಲ್ಲಿಸ್ತೀನಿ, ನಡೆದು ಹೋಗಿ ಟ್ಯೂಬು ತರ್ತೀನಿ. ಒಂದು ಕ್ಲಿನಿಕ್ಕಿನ ಕೌಂಟರಿನವಳು "ಯಾಕ್ ಮೇಡಂ, ಅಷ್ಟು ದೂರ ನಿಲ್ಲಿಸ್ತೀರ?" ಅಂತ ಕೇಳಿದಳು. "ನಡೆದರೆ ಒಳ್ಳೇದಂತೆ" ಅಂದೆ.

ಅವನು ಇಡೀ ದಾರಿ ಬಾಯಿ ಬಿಡಲಿಲ್ಲ. ಕೊನೆಯ ತಿರುವಿನಲ್ಲಿ ಮಾತ್ರ, "ಚೆನ್ನಾಗಿ ಓಡಿಸ್ತೀಯ" ಅಂದ. ನಾನು ಗಾಡಿ ಕಲಿಯುವಾಗ ಊರಿಗೆಲ್ಲ ಹೇಳಿಕೊಂಡು ನಕ್ಕಿದ್ದವನು. ರೇಡಿಯೋ ಹಾಕಿದೆ.

ಮಾರ್ಚ್ 19, ಬುಧವಾರ

ಅವನಿಗೊಂದು ಹುಚ್ಚು ಹಿಡಿದಿದೆ. ನಾನು ಪ್ರತಿ ಕ್ಲಿನಿಕ್ಕಿನಿಂದ ಬಂದ ತಕ್ಷಣ, "ಕೌಂಟರ್ ಕಲ್ಲು ಯಾವ ಬಣ್ಣ? ಅಂಚು ದುಂಡಗಿದೆಯಾ, ಚೂಪಾಗಿದೆಯಾ?" ಅಂತ ಕೇಳ್ತಾನೆ. ಮೊದಲು "ಯಾರು ನೋಡಿದ್ರು" ಅಂತಿದ್ದೆ. ಈಗ ಸಹಿ ಹಾಕುವಾಗ ಅಂಚಿನ ಕೆಳಗೆ ಬೆರಳಾಡಿಸಿ ನೋಡಿಕೊಂಡು ಬರ್ತೀನಿ, ಇಲ್ಲದಿದ್ದರೆ ಮುಖ ಚಿಕ್ಕದು ಮಾಡ್ಕೊಂಡು ಕೂರ್ತಾನೆ. ಇವತ್ತು "ಬಿಳಿ, ಮಧ್ಯೆ ಮಧ್ಯೆ ಬೂದಿ ಚುಕ್ಕೆ, ಅಂಚಿನ ಕೆಳಗೆ ಸಣ್ಣ ಗೀರು" ಅಂದೆ.

"ಅದು ನಮ್ಮದೇ" ಅಂದ. "ಆ ಗೀರು ತೆಗೀಬೇಕು ಅಂತ ಒಂದು ದಿನವೆಲ್ಲ ಉಜ್ಜಿದೀನಿ. ಹೋಗಲಿಲ್ಲ, ಕೆಳಕ್ಕೆ ತಿರುಗಿಸಿಬಿಟ್ವಿ."

"ಮಾಸ್ಕ್ ಹಾಕ್ಕೊಳ್ತಿರಲಿಲ್ವಾ?"

"ಬಟ್ಟೆ ಕಟ್ಕೊಳ್ತಿದ್ವಿ. ಸೆಕೆ ಅಂತ ತೆಗೀತಿದ್ವಿ."

ಪೆಟ್ರೋಲ್ ಖರ್ಚು ಸ್ವಲ್ಪ ಜಾಸ್ತಿಯಾಗಿದೆ. ಬಿಸಿಲಿಗೆ ಇರಬೇಕು.

ಮಾರ್ಚ್ 27, ಗುರುವಾರ

ಮೀಟರಿನಲ್ಲಿ ಎಚ್ಚರಿಕೆಯ ಕೆಂಪು ತ್ರಿಕೋನ ಹೊತ್ತಿಕೊಂಡಿತು. ಎಂಟು ವರ್ಷದಲ್ಲಿ ಮೊದಲ ಸಲ.

ಹೇಗೋ ಸುತ್ತು ಮುಗಿಸಿ, ಅವನನ್ನು ಮನೇಲಿ ಇಳಿಸಿ, ಗ್ಲೌಸ್ ಹತ್ತಿರ ಹೋದೆ. ಅವನ ನಿಜವಾದ ಹೆಸರು ಯಾರಿಗೂ ಬೇಕಿಲ್ಲ. ಹೈಬ್ರಿಡ್ ಬ್ಯಾಟರಿ ಮುಟ್ಟುವಾಗ ಮೊಣಕೈವರೆಗೆ ದಪ್ಪ ರಬ್ಬರ್ ಗ್ಲೌಸ್ ಹಾಕ್ಕೊಳ್ಳುವ ಮೆಕ್ಯಾನಿಕ್ ಇಲ್ಲಿ ಅವನೊಬ್ಬನೇ, ಅದಕ್ಕೇ ಆ ಹೆಸರು. ಹಿಂದಿನ ಸೀಟಿನ ಪಕ್ಕದ ಜಾಲರಿ ಬಿಚ್ಚಿ ನನ್ನನ್ನು ಕರೆದ. ಬ್ಯಾಟರಿಗೆ ಗಾಳಿ ಊದುವ ಫ್ಯಾನ್ ಒಳಗೆಲ್ಲ ಕಂಬಳಿಯ ನೂಲು, ಧೂಳು, ಒಂದು ಗೂಡೇ ಆಗಿತ್ತು.

"ಅಕ್ಕ, ಇದು ಬ್ಯಾಟರಿಯ ಮೂಗು. ಇದಕ್ಕೆ ಕಂಬಳಿ ಮುಚ್ಚಿದೀರಲ್ಲ" ಅಂದ. "ಒಳಗೆ ಕಾದು ಎರಡು ಸೆಲ್ ಹೋಗಿವೆ. ಈಗ ಎರಡು ಹಾಕ್ತೀನಿ. ಉಳಿದವೂ ಅಷ್ಟೇ ವಯಸ್ಸಾದವು, ನೆನಪಿರಲಿ."

"ಪೂರ್ತಿ ಹೊಸದು ಹಾಕಿದರೆ?"

ಅವನು ಹೇಳಿದ ಮೊತ್ತಕ್ಕೆ ನಾನು ಈ ಗಾಡಿಯನ್ನೇ ಕೊಂಡಿದ್ದೆ.

ಮನೆಗೆ ಬಂದವಳು ಸುಮ್ಮನಿರಬೇಕಿತ್ತು. "ನಿನ್ನ ಮಷಿನ್ನಿಂದಲೇ ನನ್ನ ಬ್ಯಾಟರಿ ಹೋಯ್ತು" ಅಂದೆ. ಅವನು ಊಟ ಅರ್ಧಕ್ಕೇ ಬಿಟ್ಟ. ಬಿಡಲಿ. ನಾನೇನು ಸುಳ್ಳು ಹೇಳಿದೆನಾ.

ಮಾರ್ಚ್ 28, ಶುಕ್ರವಾರ

ಕಂಬಳಿ ತೆಗೆದು ಮಷಿನ್ ಕೆಳಗೆ ರಬ್ಬರ್ ಹಾಳೆ ಹಾಕಿದ್ದೀನಿ. ಜಾಲರಿ ಮುಂದೆ ಏನೂ ಇಲ್ಲ. ಅವನು ದಾರಿಯುದ್ದಕ್ಕೂ ಹಿಂದೆ ತಿರುಗಿ ತಿರುಗಿ ಜಾಲರಿ ನೋಡ್ತಿದ್ದ. ಕಲ್ಲಿನ ವಿಷಯ ಕೇಳಲಿಲ್ಲ. ನಾನೇ ಹೇಳಿದೆ, "ಎರಡನೇ ಕ್ಲಿನಿಕ್ಕಲ್ಲಿ ಕಪ್ಪು ಕಲ್ಲು."

ಏಪ್ರಿಲ್ 4, ಶುಕ್ರವಾರ

ಈಗ ಬೆಳಗ್ಗೆ ಎಂಜಿನ್ ಮೊದಲ ಸಲ ಏಳುವಾಗ ಗಾಡಿ ಚಳಿಜ್ವರ ಬಂದವರ ಹಾಗೆ ನಡುಗುತ್ತೆ. ಸ್ವಲ್ಪ ಹೊತ್ತು ನಡುಗಿ ಆಮೇಲೆ ಸರಿಹೋಗುತ್ತೆ. ಗ್ಲೌಸ್ "ಪ್ಲಗ್ಗು ಅಕ್ಕ" ಅಂದ, ಪ್ಲಗ್ ಬದಲಿಸಿದ. ನಿಲ್ಲಲಿಲ್ಲ. "ಕಾಯಿಲ್ ಇರಬೇಕು" ಅಂದ, ಅದನ್ನೂ ಬದಲಿಸಿದ. ಇನ್ನೂ ನಡುಗುತ್ತೆ. ಪ್ರತಿ ಸಲ ಕೈ ಕಚ್ಚುತ್ತೆ. ಹೊಸ ಗಾಡಿಗೆ ಅಂತ ಕೂಡಿಟ್ಟಿದ್ದ ದುಡ್ಡಿಗೆ ಕೈ ಹಾಕಿದ್ದಾಯ್ತು.

ಏಪ್ರಿಲ್ 9, ಬುಧವಾರ

ಆರೈಕೆ ಕೇಂದ್ರದಿಂದ ಫೋನ್. ಒಂದು ಹಾಸಿಗೆ ಖಾಲಿಯಾಗಿದೆ, ನಾಳೆಯೊಳಗೆ ಕರೆತನ್ನಿ ಅಂದರು.

ಈ ವಾರ ಹೇಗೆ ಸಾಧ್ಯ. ಗಾಡಿ ಹೀಗೆ ನಡುಗುತ್ತಿರುವಾಗ ಅಷ್ಟು ದೂರ ಕರ್ಕೊಂಡು ಹೋಗೋದು ಬುದ್ಧಿವಂತಿಕೆ ಅಲ್ಲ. ಅದೂ ಅಲ್ಲದೆ ಅಲ್ಲಿ ಒಂದು ಕೋಣೆಗೆ ಆರು ಜನರಂತೆ, ಇವನಿಗೆ ಕಿಟಕಿ ಪಕ್ಕ ಇಲ್ಲದಿದ್ದರೆ ಆಗಲ್ಲ. ಮುಂದಿನವರಿಗೆ ಕೊಡಿ, ನಮ್ಮ ಹೆಸರು ಹಾಗೇ ಇರಲಿ ಅಂದೆ. ಗಾಡಿ ಸರಿಹೋದ ಮೇಲೆ ನೋಡಿದರಾಯ್ತು.

ಫೋನ್ ಯಾರದು ಅಂತ ಕೇಳಿದ. ವಿಮೆಯವರದು ಅಂದೆ.

ಏಪ್ರಿಲ್ 12, ಶನಿವಾರ

ರೇಡಿಯೇಟರಿನ ನೀರು ಕಡಿಮೆಯಾಗ್ತಿದೆ. ಕೆಳಗೆ ಒಂದು ಹನಿಯೂ ಸೋರಿಲ್ಲ. ಎಲ್ಲಿಗೆ ಹೋಗುತ್ತೆ? ದಿನಾ ಬೆಳಗ್ಗೆ ತುಂಬಿಸ್ತೀನಿ. ದಿನಾ ಬೆಳಗ್ಗೆ ಇಳಿದಿರುತ್ತೆ.

ಏಪ್ರಿಲ್ 17, ಗುರುವಾರ

ಅಣ್ಣನ ತಪಾಸಣೆ. ಡಾಕ್ಟರ್ ಎಕ್ಸ್‌ರೇ ಹಿಡಿದು ಬೆಳಕಿಗೆ ನೋಡಿದರು, ಮತ್ತೆ ನೋಡಿದರು. ಅವನು ಶರ್ಟ್ ಹಾಕ್ಕೊಳ್ಳೋಕೆ ಹೋದಾಗ ನನಗೆ ಅಂದರು, "ಈ ಬೇಸಿಗೆ ದಾಟಿದರೆ ಮಳೆಗಾಲದ ವಿಷಯ ಮಾತಾಡೋಣ. ಮಷಿನ್ ಮಾತ್ರ ಒಂದು ಕ್ಷಣವೂ ನಿಲ್ಲಬಾರದು."

ವಾಪಸ್ ಬರುವಾಗ, "ಏನಂದ್ರು?" ಅಂದ.

"ಊಟ ಬಿಡಬಾರದಂತೆ."

"ಅಷ್ಟು ಹೇಳೋಕೆ ಅವರ ಮುಖ ಯಾಕೆ ಹಾಗಾಯ್ತು?"

ಎದುರಿಗೆ ಸಿಗ್ನಲ್ ಇತ್ತು, ನೋಡ್ತಾ ಕೂತೆ. ಅವನು ಕೈ ಚಾಚಿ ಎ.ಸಿ. ಕಡಿಮೆ ಮಾಡಿದ. "ನಿನ್ನ ಬ್ಯಾಟರಿಗೆ ಕಷ್ಟ" ಅಂದ.

ಏಪ್ರಿಲ್ 26, ಶನಿವಾರ

ನಿನ್ನೆ ಬರೆಯೋಕಾಗಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೀತಿದ್ದೀನಿ.

ನಿನ್ನೆ ಮಧ್ಯಾಹ್ನ ಕೊನೆಯ ಕ್ಲಿನಿಕ್ಕು ಮುಗಿಸಿ ಬಯಲು ರಸ್ತೆಗೆ ಬಂದಿದ್ದೆವು. ಎರಡೂ ಕಡೆ ಒಂದು ಮನೆಯಿಲ್ಲ, ಒಂದು ಮರವಿಲ್ಲ. ಎಂಜಿನ್ ತಟಪಟ ಹೊಡೆದುಕೊಳ್ಳತೊಡಗಿತು. ಮೊದಲು ಶಾಖದ ದೀಪ, ಆಮೇಲೆ ಕೆಂಪು ತ್ರಿಕೋನ. ಬ್ಯಾಟರಿಯ ಗೆರೆಗಳು ಕಣ್ಣೆದುರೇ ಒಂದೊಂದಾಗಿ ಇಳಿದವು. ಪಕ್ಕಕ್ಕೆ ಎಳೆಯುವಷ್ಟರಲ್ಲಿ ಎಲ್ಲ ಆರಿಹೋಯ್ತು. ಬಾನೆಟ್ಟಿನ ಸಂದಿಯಿಂದ ಹಬೆ. ಹಿಂದೆ ಮಷಿನ್ ಕೀ ಅಂತ ಕೂಗಿ ಸುಮ್ಮನಾಯ್ತು.

ಚಿಕ್ಕ ಸಿಲಿಂಡರ್ ಜೋಡಿಸಿದೆ. ಅದು ಒಂದು ಗಂಟೆ ಬಂದರೆ ಹೆಚ್ಚು. ಗ್ಲೌಸ್‌ಗೆ ಫೋನ್ ಮಾಡಿದೆ, ಬರೋಕೆ ಎರಡು ಗಂಟೆಯಾಗುತ್ತೆ ಅಂದ. ಆಂಬುಲೆನ್ಸಿಗೆ ಮಾಡಿದೆ, ಹೊರಟಿದೆ ಅಂದರು, ಎಲ್ಲಿಂದ ಹೊರಟಿದೆ ಅಂದರೆ ಫೋನ್ ಇಟ್ಟರು. ಗಾಡಿಯ ಸ್ಟಾರ್ಟ್ ಗುಂಡಿ ಒತ್ತಿದೆ, ಒತ್ತಿದೆ, ಮತ್ತೆ ಒತ್ತಿದೆ. ಸ್ಟೇರಿಂಗಿಗೆ ತಲೆ ಇಟ್ಟು ಅದನ್ನು ಬೇಡಿಕೊಂಡೆ ಅನ್ನಿಸುತ್ತೆ, ಏನಂದೆನೋ.

ತಲೆ ಎತ್ತಿದಾಗ ಅವನ ಕೈ ಸಿಲಿಂಡರಿನ ತಿರುಪಿನ ಮೇಲಿತ್ತು. ಸಣ್ಣಗೆ ಮಾಡಿಕೊಳ್ತಿದ್ದ.

"ಏನ್ ಮಾಡ್ತಿದೀಯ?"

"ಉಳಿಸ್ತಿದೀನಿ."

ತುಟಿ ಆಗಲೇ ನೀಲಿಯಾಗಿತ್ತು. ತಿರುಪನ್ನು ಮೊದಲಿದ್ದಲ್ಲಿಗೆ ತಿರುಗಿಸಿ ರಸ್ತೆಗಿಳಿದೆ. ಬಂದ ಗಾಡಿಗೆಲ್ಲ ಕೈ ಅಡ್ಡ ಹಿಡಿದೆ. ಯಾರೂ ನಿಲ್ಲಿಸಲಿಲ್ಲ. ಒಬ್ಬ ನಿಧಾನ ಮಾಡಿ, ಹಬೆ ನೋಡಿ, ಗಾಜು ಏರಿಸಿಕೊಂಡು ಹೋದ. ಕೊನೆಗೆ ರಸ್ತೆಯ ಮಧ್ಯಕ್ಕೇ ಹೋಗಿ ನಿಂತೆ. ಬರುತ್ತಿದ್ದ ವ್ಯಾನು ಬ್ರೇಕ್ ಹಾಕಲೇಬೇಕಾಯ್ತು.

ಹಾಸಿಗೆ ತುಂಬಿದ ವ್ಯಾನು. ಓಡಿಸುತ್ತಿದ್ದವರಿಗೆ ಅರವತ್ತರ ಮೇಲೆ ವಯಸ್ಸು, ದೊಡ್ಡ ಹೊಟ್ಟೆ. "ಸಾಯಬೇಕು ಅಂತಿದ್ರೆ ಬೇರೆ ಗಾಡಿ ನೋಡ್ಕೊಳ್ಳಿ ತಾಯಿ" ಅಂದವರು ಅಣ್ಣನನ್ನು ನೋಡಿ ಇಳಿದರು. ಇಬ್ಬರೂ ಸೇರಿ ಎತ್ತಿ ಮುಂದೆ ಕೂರಿಸಿದೆವು. ಮಲಗಿಸಿದರೆ ಉಸಿರು ಕಟ್ಟುತ್ತೆ, ಕೂತೇ ಇರಬೇಕು. ಸಿಲಿಂಡರ್ ಅವನ ಕಾಲ ಸಂದಿಯಲ್ಲಿ. ಮುಂದೆ ಮೂರನೆಯವರಿಗೆ ಜಾಗ ಇಲ್ಲ. ಡಿಕ್ಕಿಯಿಂದ ರಕ್ತದ ಡಬ್ಬಿ ಎತ್ತಿಕೊಂಡು ನಾನು ಹಿಂದೆ ಹಾಸಿಗೆಗಳ ಮೇಲೆ ಹತ್ತಿದೆ. "ಕವರ್ ಹರೀಬೇಡಿ, ಅಂಗಡಿಯವನು ವಾಪಸ್ ಕಳಿಸ್ತಾನೆ" ಅಂದು ಬಾಗಿಲು ಹಾಕಿದರು.

ಒಳಗೆ ಕತ್ತಲು, ಪ್ಲಾಸ್ಟಿಕ್ ವಾಸನೆ, ಬೆಂಕಿಯಂಥ ಸೆಕೆ. ಅಣ್ಣ ಕಾಣಲ್ಲ. ಮಧ್ಯದ ತಗಡನ್ನು ಬೆರಳಿನಿಂದ ಬಡಿದೆ. ಆ ಕಡೆಯಿಂದ ಟಕ್ ಅಂತ ಬಡಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಡಿದೆ. ಟಕ್. ಗುಂಡಿಯಲ್ಲಿ ವ್ಯಾನು ಎಗರಿದಾಗಲೂ ಕಿವಿ ತಗಡಿಗೇ ಅಂಟಿಸಿಕೊಂಡಿದ್ದೆ. ಊರೊಳಗೆ ಬಂದೆವು ಅಂತ ಹಾರ್ನುಗಳಿಂದ ಗೊತ್ತಾಯ್ತು. ಬಡಿದೆ. ಉತ್ತರ ಬರಲಿಲ್ಲ. ಜೋರಾಗಿ ಬಡಿದೆ. ಎರಡೂ ಕೈಯಿಂದ ಬಡಿದೆ. ಅಣ್ಣ, ಅಣ್ಣ ಅಂತ ಕೂಗಿದ್ದು ಹೊರಗೆ ರಸ್ತೆಯವರಿಗೂ ಕೇಳಿಸಿತ್ತಂತೆ, ಆಮೇಲೆ ವ್ಯಾನಿನವರು ಹೇಳಿದರು.

ಆಸ್ಪತ್ರೆ ಮುಂದೆ ಯಾರೋ ವ್ಯಾನಿನ ಹಿಂಬಾಗಿಲು ತೆಗೆದರು, ಇಳಿದು ಮುಂದಕ್ಕೆ ಓಡಿದಾಗ ಅವನು ಕಣ್ಣು ಮುಚ್ಚಿ ವ್ಯಾನಿನವರ ಭುಜಕ್ಕೆ ಒರಗಿದ್ದ. ಸಿಲಿಂಡರ್ ಖಾಲಿ. ಸ್ಟ್ರೆಚರಿನವರು ಓಡಿದರು, ನಾನೂ ಓಡಿದೆ.

ಉಸಿರಿದೆ. ದೊಡ್ಡ ಮಷಿನ್ ಹಾಕಿದ್ದಾರೆ. ನಾಳೆ ಹೇಳ್ತೀವಿ ಅಂದಿದ್ದಾರೆ. ಡಬ್ಬಿ ಎಲ್ಲಿಟ್ಟೆ ಅಂತ ಈಗ ಯೋಚನೆ ಬಂತು. ಹಾಸಿಗೆ ಮೇಲೆ ಬಿಟ್ಟಿರಬೇಕು. ಗಾಡಿಗೆ ಬೀಗ ಹಾಕಿದೆನಾ ಅಂತಲೂ ನೆನಪಿಲ್ಲ.

ಏಪ್ರಿಲ್ 28, ಸೋಮವಾರ

ಅಣ್ಣ ಕಣ್ಣು ಬಿಟ್ಟ. ಮಾತಾಡೋಕಾಗಲ್ಲ, ಮುಖವಾಡ ಇದೆ.

ಲ್ಯಾಬಿನ ಮೇಲ್ವಿಚಾರಕಿ ಕರೆಸಿದ್ದರು. ಹೋಗುವ ಮೊದಲೇ ಗೊತ್ತಿತ್ತು. "ಯಾರೋ ಹಾಸಿಗೆ ವ್ಯಾನಿನವರು ಡಬ್ಬಿ ತಂದು ಕೊಟ್ಟರು" ಅಂದರು. "ಮುಚ್ಚಳದ ಮೇಲಿನ ವಿಳಾಸ ನೋಡಿ ಬಂದರಂತೆ. 'ಆಯಮ್ಮನ ಅಣ್ಣನಿಗೆ ಹುಷಾರಿಲ್ಲ, ಬೈಬೇಡಿ' ಅಂದರು. ಟ್ಯೂಬುಗಳೆಲ್ಲ ಸರಿ ಇದ್ದವು."

ನಾನು ನಿಂತೇ ಇದ್ದೆ.

"ಎಷ್ಟು ದಿನದಿಂದ ಕೂರಿಸಿಕೊಂಡು ಓಡಾಡ್ತಿದ್ರಿ?"

"ಮಾರ್ಚಿಂದ ಮೇಡಂ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನಗೊಂದು ಮಾತು ಹೇಳಬಹುದಿತ್ತಲ್ಲ. ಹೇಳಿದ್ರೆ ಬೇಡ ಅಂತಿದ್ದೆ, ಅದೂ ನಿಜ. ಮಧ್ಯಾಹ್ನದ ಸುತ್ತು ಬೇರೆಯವರಿಗೆ ಕೊಟ್ಟಾಯ್ತು, ಅದು ಮೇಲಿನವರ ತೀರ್ಮಾನ. ಬೆಳಗಿನದು ನಿಮಗೇ ಇರಲಿ ಅಂತ ಹೇಳಿದೀನಿ. ಗಾಡಿ ಯಾವಾಗ ಬರುತ್ತೆ?"

"ವಾರದಲ್ಲಿ" ಅಂದೆ. ಗಾಡಿ ಎಲ್ಲಿದೆ ಅಂತಲೇ ನನಗೆ ಗೊತ್ತಿಲ್ಲ.

ಮೇ 1, ಗುರುವಾರ

ಗಾಡಿ ಗ್ಲೌಸ್ ಗ್ಯಾರೇಜಿನಲ್ಲಿದೆ. ಅವನೇ ಎಳೆದು ತಂದಿದ್ದಾನೆ. ಬಾಗಿಲು ತೆಗೆದೇ ಇತ್ತಂತೆ, ಯಾರೂ ಏನೂ ಕದ್ದಿಲ್ಲ.

ಎಂಜಿನ್ ಬಿಚ್ಚಿ ಹರಡಿದ್ದ. ನನ್ನ ಮುಖ ನೋಡದೆ ಮಾತಾಡಿದ. "ಅಕ್ಕ, ಪ್ಲಗ್ಗೂ ಅಲ್ಲ, ಕಾಯಿಲ್ಲೂ ಅಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿತ್ತು, ಎಂಜಿನ್ ಒಳಗೆ ನೀರು ನುಗ್ಗದ ಹಾಗೆ ತಡೆಯೋ ಪಟ್ಟಿ ಅದು. ನೀರು ಹೊರಗೆ ಸೋರ್ತಿರಲಿಲ್ಲ, ಎಂಜಿನ್ ಒಳಗೇ ಸುಡ್ತಿತ್ತು. ನಾನು ಮೊದಲೇ ನೋಡಬೇಕಿತ್ತು. ಇಷ್ಟು ಓಡಿದ ಹೈಬ್ರಿಡ್ ಗಾಡಿ ನನ್ನ ಹತ್ತಿರ ಇದೊಂದೇ ಬಂದಿರೋದು."

"ಬ್ಯಾಟರಿ?"

"ಮುಗೀತು."

ಆಮೇಲೆ ಒಂದು ಸ್ಟೂಲ್ ಎಳೆದು ಕೊಟ್ಟು, ತಾನು ಟೈರಿನ ಮೇಲೆ ಕೂತ. "ಮಾರಿಬಿಡಿ. ಬಿಡಿಭಾಗಕ್ಕೆ ತಗೊಳ್ಳೋರು ಇದ್ದಾರೆ. ಹೆಡ್ ರಿಪೇರಿ, ಅಪಘಾತದ ಗಾಡಿಯಿಂದ ತೆಗೆದ ಬ್ಯಾಟರಿ, ಎರಡೂ ಸೇರಿದರೆ ಗಾಡಿ ಬೆಲೆಗಿಂತ ಜಾಸ್ತಿ. ಅಷ್ಟು ಹಾಕಿದ ಮೇಲೂ ಬ್ರೇಕ್ ಪಂಪು, ಬೇರಿಂಗು, ಒಂದಾದ ಮೇಲೊಂದು ಬರ್ತಾನೇ ಇರುತ್ತೆ. ಇದಕ್ಕೆ ಇನ್ನು ಕೊನೆ ಇಲ್ಲ ಅಕ್ಕ."

ಯೋಚನೆ ಮಾಡಿ ಹೇಳ್ತೀನಿ ಅಂದೆ. ನಾನು ಯೋಚನೆ ಮಾಡೋಕೆ ಇನ್ನೇನು ಉಳಿದಿದೆ ಗೊತ್ತಿಲ್ಲ. ಬಸ್ಸಿನಲ್ಲಿ ಬಂದೆ. ಎಷ್ಟೋ ವರ್ಷದ ಮೇಲೆ ಬಸ್ಸು. ಯಾವ ಕಡೆ ಇಳಿಯೋದು ಅಂತಲೂ ಮರೆತಿದ್ದೆ.

ಮೇ 4, ಭಾನುವಾರ

ಮುಖವಾಡ ತೆಗೆದಿದ್ದಾರೆ. ದನಿ ಕಾಗದ ಹರಿದ ಹಾಗಿದೆ.

"ಕಡ್ಡಿ" ಅಂದ. ಸಣ್ಣವಳಿದ್ದಾಗ ನಾನು ಕಡ್ಡಿ ಹಾಗಿದ್ದೆ ಅಂತ ಅವನೊಬ್ಬನೇ ಹಾಗೆ ಕರೀತಿದ್ದ. "ಗಾಡಿ ಮಾರು. ಆ ದುಡ್ಡು, ಕೂಡಿಟ್ಟಿದ್ದು, ಎರಡೂ ಸೇರಿಸಿ ಒಂದು ಒಳ್ಳೆ ಗಾಡಿ ತಗೋ. ನಾನು ಆ ಕೇಂದ್ರಕ್ಕೆ ಹೋಗ್ತೀನಿ. ನರ್ಸ್ ಹತ್ತಿರ ಫೋನ್ ಮಾಡಿಸಿದೀನಿ. ಕಿಟಕಿ ಪಕ್ಕ ಬೇಡ, ಎಲ್ಲಾದ್ರೂ ಪರವಾಗಿಲ್ಲ ಅಂದೆ."

ನನಗೆ ಎಲ್ಲಿತ್ತೋ ಸಿಟ್ಟು. "ನಿನ್ನನ್ನ ಯಾರು ಕೇಳಿದ್ರು? ಯಾರನ್ನ ಕೇಳಿ ಫೋನ್ ಮಾಡಿಸಿದೆ?" ಅಂದೆ. ಪಕ್ಕದ ಹಾಸಿಗೆಯವರು ಪರದೆ ಸರಿಸಿ ನೋಡಿದರು.

"ನೀನೇ ಹೆಸರು ಬರೆಸಿದ್ದೆಯಲ್ಲ" ಅಂದ ಮೆಲ್ಲಗೆ. "ನಾನು ಬಂದ ವಾರವೇ. ನನಗೆ ಗೊತ್ತು."

ಹೊದಿಕೆ ಸರಿ ಮಾಡಿದೆ. ಅವನೇ ಸ್ವಲ್ಪ ಉಸಿರು ತಗೊಂಡು ಅಂದ, "ಆವತ್ತು ನೀನು ಬಾಗಿಲಿಗೆ ಬಂದಾಗ ಹಾಗಂದೆ. ನೀನು ತಿರುಗಿ ನೋಡದೆ ಹೋದೆ. ರಸ್ತೆ ತಿರುವಿನವರೆಗೆ ನೋಡ್ತಾ ನಿಂತಿದ್ದೆ. ಕರೀಬೇಕಿತ್ತು. ಬಾಯಿ ಬರಲಿಲ್ಲ."

"ನಾನು ತಿರುವಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ" ಅಂದೆ.

ಊಟದ ಗಾಡಿ ಬಂತು. ಬ್ರೆಡ್ಡಿನ ಅಂಚು ಕಿತ್ತು ಹಾಲಿನಲ್ಲಿ ಅದ್ದಿ ತಿನ್ನಿಸಿದೆ. ಪೂರ್ತಿ ತಿಂದ.

ಮೇ 5, ಸೋಮವಾರ

ಗ್ಯಾರೇಜಿಗೆ ಹೋದೆ.

"ಮಾರೋಕೆ ಕಾಗದ ತಂದ್ರಾ ಅಕ್ಕ?" ಅಂದ ಗ್ಲೌಸ್.

"ಎರಡೂ ಮಾಡಿದರೆ ಎಷ್ಟು ದಿನ ಓಡುತ್ತೆ?"

"ಮೂರು ತಿಂಗಳೋ, ಮೂರು ವರ್ಷವೋ. ನಾನು ಬರೆದು ಕೊಡಲ್ಲ. ಹೊಸ ಗಾಡಿಗೆ ಸಾಲ ಸಿಗುತ್ತೆ, ನನಗೆ ಗೊತ್ತಿರೋರು..."

"ಹೊಸದು ಬರೋಕೆ ಎಷ್ಟು ದಿನ? ಅದರಲ್ಲಿ ಮಷಿನ್ ಓಡುತ್ತಾ?"

ಅವನು ತಲೆ ಕೆರೆದುಕೊಂಡ. ಮಾಡಪ್ಪ ಅಂದೆ. ಬ್ಯಾಂಕಿಗೆ ಹೋಗಿ ಕೂಡಿಟ್ಟಿದ್ದನ್ನೆಲ್ಲ ತೆಗೆದು ತಂದುಕೊಟ್ಟೆ. ಪ್ಲಗ್ಗು, ಕಾಯಿಲ್ಲಿನ ದುಡ್ಡು ಕಳೆದು ತಗೊಂಡ. ಬೇಡ ಅಂದರೂ ಕೇಳಲಿಲ್ಲ.

ಆರೈಕೆ ಕೇಂದ್ರಕ್ಕೂ ಫೋನ್ ಮಾಡಿದೆ. ಹೆಸರು ತೆಗೆದುಬಿಡಿ ಅಂದೆ. ಬೇರೆ ಯಾರಿಗಾದರೂ ಬೇಕಾಗಿರುತ್ತೆ.

ಮೇ 16, ಶುಕ್ರವಾರ

ಗಾಡಿ ಬಂತು. ಅಣ್ಣನೂ ಆಸ್ಪತ್ರೆಯಿಂದ ಬಂದ. ಬೆಳಗ್ಗೆ ನಡುಕ ಇಲ್ಲ. ನೀರೂ ಇಳಿದಿಲ್ಲ. ಬೆಳಗಿನ ಸುತ್ತು ಮುಗಿಸಿ ಹನ್ನೊಂದಕ್ಕೆಲ್ಲ ಮನೆಗೆ ಬರ್ತೀನಿ. ಅರ್ಧ ಸಂಬಳ. ಟೀಗೆ ಹಾಲು ಕಡಿಮೆ ಮಾಡಿದ್ದೀನಿ, ಅಣ್ಣ ಗೊತ್ತೇ ಆಗದವನ ಹಾಗೆ ಕುಡೀತಾನೆ.

ಮೇ 23, ಶುಕ್ರವಾರ

ಇವತ್ತು ಹಳದಿ ದೀಪ ಹೊತ್ತಿಕೊಂಡಿತು. ಇದುವರೆಗೆ ನೋಡಿರದ ದೀಪ. ಸುತ್ತು ಮುಗಿಸಿ ನೇರ ಗ್ಲೌಸ್ ಹತ್ತಿರ ಹೋದೆ. ಬ್ರೇಕಿಗೆ ಕಾಲಿಟ್ಟು ಕಿವಿಗೊಟ್ಟು ಕೇಳಿದ.

"ಬ್ರೇಕ್ ಪಂಪು. ಇವತ್ತೇ ಕೈ ಕೊಡಲ್ಲ, ಆದರೆ ಕೊಡುತ್ತೆ. ನಾನು ಹೇಳಿದ್ದೆನಲ್ಲ ಅಕ್ಕ."

"ಹೇಳಿದ್ದೆ."

ಟೀ ತರಿಸಿದ, ಕುಡಿದೆ. ನಿಧಾನ ಓಡಿಸಿ, ಒಂದಷ್ಟು ವಾರ ದೂಡಬಹುದು ಅಂದ. ನಿಧಾನವಾಗಿ ಓಡಿಸಿಕೊಂಡು ಮನೆಗೆ ಬಂದೆ.

ಅಣ್ಣ ಬಾಗಿಲ ಹತ್ತಿರ ಕುರ್ಚಿ ಹಾಕ್ಕೊಂಡು ಕೂತಿದ್ದ, ನಳಿಕೆ ಎಷ್ಟುದ್ದ ಬರುತ್ತೋ ಅಷ್ಟು ದೂರಕ್ಕೆ. ತಡವಾಯ್ತಲ್ಲ ಅಂದ. ಮುಚ್ಚಿಡೋಣ ಅಂದುಕೊಂಡೆ, ಬಾಯಿಗೆ ಬಂದುಬಿಟ್ಟಿತು.

"ಬ್ರೇಕ್ ಪಂಪ್ ಹೋಗ್ತಿದೆಯಂತೆ."

ಅವನು ನಕ್ಕ. ನಕ್ಕು ನಕ್ಕು ಕೆಮ್ಮು ಬಂತು, ನೀರು ಕೊಟ್ಟೆ. "ಈಗೇನು ಮಾಡೋದು?" ಅಂದ.

"ಈಗ ಊಟ ಮಾಡೋದು."

ಇಬ್ಬರಿಗೂ ಬಡಿಸಿಕೊಂಡು ಕೂತೆ. ಹನ್ನೆರಡಕ್ಕೆ ಹೋಗಬೇಕಾದ ಕರೆಂಟು ಇವತ್ತು ಮೊದಲೇ ಹೋಯ್ತು. ಮಷಿನ್ ಕೀ ಅಂತು. ನಾನು ತಟ್ಟೆ ಸರಿಸಿ ಎದ್ದೆ.

ಅಣ್ಣ ನನ್ನ ಮಣಿಕಟ್ಟು ಹಿಡಿದ. "ಕೂತ್ಕೋ. ಎರಡು ತುತ್ತು ತಿಂದು ಹೋಗು. ಅಷ್ಟು ಹೊತ್ತು ನಾನು ತಡೀತೀನಿ."

ಅವನ ಮುಖ ನೋಡುತ್ತಾ ಕೂತೆ. ಎರಡಲ್ಲ, ಮೂರು ತುತ್ತು ತಿಂದೆ. ಆಮೇಲೆ ಹೋಗಿ ಗಾಡಿ ಶುರು ಮಾಡಿದೆ.